ಪೆಂಟಿಯಂ ಜಿ4560, ಆಥ್ಲಾನ್ 200ಜಿಇ: ಎರಡು ಹಳೇ ಪ್ರೊಸೆಸರ್ ಜೊತೆ ಮೂರು ವಾರ

ನಿನ್ನೆ ರಾತ್ರಿ ಎರಡೂ ಸಿಸ್ಟಮ್ ರೆಡಿ ಆದ್ವು, ಹಾಗಾಗಿ ಇಲ್ಲಿವರೆಗೂ ಆಗಿದ್ದನ್ನ ಮರೆಯೋ ಮುಂಚೆ ಬರೆದಿಡ್ತಿದೀನಿ. ಅಕ್ಕನ ಮಗಳು ಬಿಸಿಎ ಓದ್ತಿದಾಳೆ, ಅವಳಿಗೊಂದು ಕಂಪ್ಯೂಟರ್ ಬೇಕು. ಅಣ್ಣನ ಜೆರಾಕ್ಸ್ ಅಂಗಡೀಲಿದ್ದ ಹಳೇ ಮಷೀನ್ ಮಳೆಗಾಲದಲ್ಲಿ ಕೈಕೊಡ್ತು, ಅಲ್ಲಿಗೂ ಒಂದು ಬೇಕು. ಎರಡು ಹೊಸದು ತಗೊಳ್ಳೋಷ್ಟು ದುಡ್ಡಿಲ್ಲ. ಬೆಂಗಳೂರಿಗೆ ಹೋದಾಗ ಅರ್ಧ ದಿನ ಎಸ್‌ಪಿ ರೋಡ್ ಸುತ್ತಿ ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಸೆಟ್ ತಂದೆ, ಒಂದು ಇಂಟೆಲ್ ಪೆಂಟಿಯಂ ಜಿ4560 ಮತ್ತೆ ಎಚ್110 ಮದರ್‌ಬೋರ್ಡ್, ಇನ್ನೊಂದು ಎಎಂಡಿ ಆಥ್ಲಾನ್ 200ಜಿಇ ಮತ್ತೆ ಎ320 ಬೋರ್ಡ್. ಯಾವುದು ಯಾರಿಗೆ ಅಂತ ಆಗ ತೀರ್ಮಾನ ಮಾಡಿರ್ಲಿಲ್ಲ, ಎರಡನ್ನೂ ಮನೇಲಿ ಒಂದೇ ಟೇಬಲ್ ಮೇಲೆ ಓಡಿಸಿ ನೋಡಿ ಆಮೇಲೆ ಕೊಡೋಣ ಅಂತ ಇದ್ದೆ.

ಮೇಲ್ನೋಟಕ್ಕೆ ಎರಡೂ ಅಣ್ಣ ತಮ್ಮ ಇದ್ದಂಗೆ. ಎರಡರಲ್ಲೂ 2 ಕೋರ್ (ಲೆಕ್ಕ ಮಾಡೋ ಘಟಕ), 4 ಥ್ರೆಡ್ (ಒಟ್ಟಿಗೆ ನಡೆಸೋ ಕೆಲಸದ ಸಾಲು), ಎರಡರಲ್ಲೂ ಒಳಗೇ ಗ್ರಾಫಿಕ್ಸ್ ಇದೆ, ಎರಡಕ್ಕೂ ಡಿಡಿಆರ್4 ಮೆಮೊರಿ. ಜಿ4560 ಬಂದಿದ್ದು 2017ರ ಜನವರಿಲಿ, 3.5 ಗಿಗಾಹರ್ಟ್ಜ್, 64 ಡಾಲರ್ ರೇಟು. ಆಗ ಈ ಸಣ್ಣ ಚಿಪ್‌ಗೆ ಅಷ್ಟೊಂದು ಹೆಸರು ಬರೋಕೆ ಕಾರಣ ಹೈಪರ್ ಥ್ರೆಡಿಂಗ್, ಅಂದ್ರೆ ಒಂದೊಂದು ಕೋರೂ ಎರಡೆರಡು ಥ್ರೆಡ್ ನಡೆಸೋದು. ಅಲ್ಲಿವರೆಗೂ ಎರಡು ಕೋರ್ ನಾಲ್ಕು ಥ್ರೆಡ್ ಬೇಕು ಅಂದ್ರೆ ಇಂಟೆಲ್‌ದೇ ದುಬಾರಿ ಐ3 ತಗೋಬೇಕಿತ್ತು, ಅದನ್ನೇ ಹೆಚ್ಚುಕಮ್ಮಿ ಅರ್ಧ ರೇಟಿಗೆ ಪೆಂಟಿಯಂನಲ್ಲಿ ಕೊಟ್ರು, ಗೇಮಿಂಗ್ ಪಿಸಿ ಕಟ್ಟೋ ಹುಡುಗ್ರೆಲ್ಲ ಇದಕ್ಕೇ ಮುಗಿಬಿದ್ರು. 200ಜಿಇ ಬಂದಿದ್ದು 2018ರ ಸೆಪ್ಟೆಂಬರ್‌ನಲ್ಲಿ, 55 ಡಾಲರ್, ಝೆನ್ ಕೋರು, 3.2 ಗಿಗಾಹರ್ಟ್ಜ್, ವೇಗಾ 3 ಗ್ರಾಫಿಕ್ಸ್. ಪೆಂಟಿಯಂ 54 ವ್ಯಾಟ್ ಲೆಕ್ಕದ್ದು, ಆಥ್ಲಾನ್ 35 ವ್ಯಾಟ್. ಎರಡಕ್ಕೂ ಟರ್ಬೊ (ಬೇಕಾದಾಗ ವೇಗ ತಾನಾಗೇ ಏರೋದು) ಇಲ್ಲ, ಎಷ್ಟು ಬರೆದಿದ್ಯೋ ಅಷ್ಟೇ ಓಡ್ತವೆ.

ಮೊದಲನೇ ವಾರ ಒಂದು ಭಾನುವಾರ ಪೂರ್ತಿ ಆಥ್ಲಾನ್‌ಗೇ ಹೋಯ್ತು. ಪ್ರೊಸೆಸರ್ ಬಿಸೀನ ಕೂಲರ್‌ಗೆ ದಾಟಿಸೋ ಹಳೇ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕೋಣ ಅಂತ ಕೂಲರ್ ಬಿಚ್ಚಿ ನೇರ ಮೇಲಕ್ಕೆ ಎಳೆದೆ, ಪೇಸ್ಟ್ ಒಣಗಿ ಗೋಂದಾಗಿತ್ತು, ಪ್ರೊಸೆಸರ್ ಲಾಕ್ ಆಗಿದ್ದ ಸಾಕೆಟ್‌ನಿಂದ್ಲೇ ಕಿತ್ಕೊಂಡು ಕೂಲರ್ ಜೊತೆ ಬಂದ್ಬಿಡ್ತು. ಇಂಟೆಲ್‌ನ ಈ ಸಾಕೆಟ್‌ನಲ್ಲಿ ಪಿನ್‌ಗಳು ಬೋರ್ಡಲ್ಲಿರ್ತವೆ, ಮೇಲೊಂದು ಕಬ್ಬಿಣದ ಫ್ರೇಮ್ ಒತ್ತಿ ಹಿಡ್ಕೊಂಡಿರುತ್ತೆ, ಹಾಗಾಗಿ ಈ ತಾಪತ್ರಯ ಇಲ್ಲ. ಆಥ್ಲಾನ್ ಕೂರೋ ಎಎಂ4 ಸಾಕೆಟ್‌ದರಲ್ಲಿ 1331 ಪಿನ್ನೂ ಪ್ರೊಸೆಸರ್ ಬೆನ್ನಿಗೇ ಇರೋದು. ತಿರುಗಿಸಿ ನೋಡಿದ್ರೆ ಒಂದು ಮೂಲೇಲಿ ಮೂರು ಪಿನ್ ಬಾಗಿತ್ತು, ಎದೆ ಧಸಕ್ ಅಂತು. ಕಿಟಕಿ ಹತ್ರ ಬೆಳಕಲ್ಲಿ ಕೂತು ಮಗನ ಪೆನ್ ಪೆನ್ಸಿಲ್ ತಗೊಂಡು, ಒಳಗಿನ ಲೆಡ್ ತೆಗೆದು, ಖಾಲಿ ತುದೀನ ಒಂದೊಂದೇ ಪಿನ್‌ಗೆ ತೊಡಿಸಿ ಕೂದಲೆಳೆ ಅಷ್ಟಷ್ಟೇ ನೆಟ್ಟಗೆ ಮಾಡ್ತಾ ಬಂದೆ. ಒಂದೇ ಸಲ ಪೂರ್ತಿ ಬಗ್ಗಿಸಿದ್ರೆ ಮುರಿಯುತ್ತೆ, ಸ್ವಲ್ಪ ಬಗ್ಗಿಸೋದು, ಸಾಲಿನ ಉದ್ದಕ್ಕೂ ಕಣ್ಣಿಟ್ಟು ನೋಡೋದು, ಮತ್ತೆ ಸ್ವಲ್ಪ. ನಲವತ್ತು ನಿಮಿಷ ಆಯ್ತು. ಸಾಕೆಟ್ ಮೇಲಿಟ್ಟಾಗ ಒತ್ತದೇನೇ ತಾನಾಗೇ ಜಾರಿ ಕೂತ್ಕೊಂತಲ್ಲ, ಆಗ ಉಸಿರು ಬಂತು. ನೀವೂ ಹಳೇ ಎಎಂ4 ಬಿಚ್ಚೋದಿದ್ರೆ ಮೊದ್ಲು ಹತ್ತು ಹದಿನೈದು ನಿಮಿಷ ಸಿಸ್ಟಮ್ ಓಡಿಸಿ ಪೇಸ್ಟ್ ಬಿಸಿ ಆಗಕ್ಕೆ ಬಿಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರ್ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಸಡಿಲ ಆದ್ಮೇಲಷ್ಟೇ ಎತ್ತಿ.

ಎರಡನೇ ವಾರ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಎರಡಕ್ಕೂ. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು, ಜಿ4560 ವಿಂಡೋಸ್ 11ರ ಲಿಸ್ಟಲ್ಲೇ ಇಲ್ಲ, ಅದಕ್ಕೆ ಸರ್ಕಸ್ ಮಾಡಿ ಹಾಕೋ ಬದಲು ಇದೇ ನೆಮ್ಮದಿ. ಟೆಸ್ಟಿಗೆ ಅಂತ ಇನ್ನೊಂದು ಡಿಸ್ಕಲ್ಲಿದ್ದ ವಿಂಡೋಸ್‌ನಲ್ಲಿ ಪ್ರೊಸೆಸರ್ ಎಷ್ಟು ಚುರುಕು ಅಂತ ಅಂಕ ಕೊಡೋ ಸಿನಿಬೆಂಚ್ ಆರ್15 ಓಡಿಸಿದಾಗ ಪೆಂಟಿಯಂಗೆ 380ರ ಹತ್ರ ಬಂತು, ಆಥ್ಲಾನ್‌ಗೆ 355ರ ಆಸುಪಾಸು. ಒಂದೇ ಕೋರಿನ ಟೆಸ್ಟಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ, ಕ್ಲಾಕ್ ಹೆಚ್ಚಿರೋದರ ಲಾಭ ಅಲ್ಲೇ ಕಾಣೋದು. ಬ್ರೌಸರ್ ತೆರೆಯೋದು, ದೊಡ್ಡ ಪಿಡಿಎಫ್ ಸ್ಕ್ರೋಲ್ ಮಾಡೋದು, ಇಂಥದ್ರಲ್ಲೆಲ್ಲ ಪೆಂಟಿಯಂ ಒಂಚೂರು ಚುರುಕು ಅಂತ ಕೈಗೇ ಗೊತ್ತಾಗುತ್ತೆ. ಕರೆಂಟ್ ಮೀಟರ್ ಹಾಕಿ ನೋಡಿದೆ, ಸುಮ್ನೆ ಕೂತಾಗ ಎರಡೂ 20 ವ್ಯಾಟ್ ಅಕ್ಕಪಕ್ಕ, ಪೂರ್ತಿ ದುಡಿಸಿದ್ರೂ ಎರಡೂ 50 ದಾಟಲಿಲ್ಲ, ಡಬ್ಬದ ಮೇಲಿನ 54ಕ್ಕೂ 35ಕ್ಕೂ ಇರೋ ಅಂತರ ಮನೇಲಿ ಕಾಣ್ಸಲ್ಲ.

ಗ್ರಾಫಿಕ್ಸ್‌ನಲ್ಲಿ ಮಾತ್ರ ಆಥ್ಲಾನ್ ಮುಂದೆ, ಆದ್ರೆ ರ್‍ಯಾಮ್ ಸರಿಯಾಗಿ ಹಾಕಿದ್ರೆ ಮಾತ್ರ. ವೇಗಾಕ್ಕೆ ಸ್ವಂತ ಮೆಮೊರಿ ಇಲ್ಲ, ಸಿಸ್ಟಮ್ ರ್‍ಯಾಮಲ್ಲೇ ಪಾಲು ಕೇಳುತ್ತೆ. ಮೊದಲು 8 ಜಿಬಿದು ಒಂದೇ ಸ್ಟಿಕ್ ಹಾಕಿ ಸೂಪರ್‌ಟಕ್ಸ್‌ಕಾರ್ಟ್ ಅನ್ನೋ ರೇಸ್ ಗೇಮ್ ಆಡಿದ್ರೆ ತಿರುವಲ್ಲೆಲ್ಲ ಜರ್ಕ್ ಹೊಡೀತಿತ್ತು, ಅದನ್ನ ತೆಗೆದು 4 ಜಿಬಿದು ಎರಡು ಹಾಕಿದ್ದೇ ತಡ ಎಣ್ಣೆ ಹಾಕ್ದಂಗೆ ಓಡ್ತು. ಮೆಮೊರಿ ಅಷ್ಟೇ, ದಾರಿ ಮಾತ್ರ ಒಂದಿದ್ದಿದ್ದು ಎರಡಾಯ್ತು. ಸೆಕೆಂಡ್ ಹ್ಯಾಂಡ್ 200ಜಿಇ ತಗೊಂಡು ಸ್ಲೋ ಅಂತ ಬೇಜಾರಾಗಿರೋರು ಮೊದ್ಲು ಬಾಗಿಲು ತೆಗೆದು ಸ್ಟಿಕ್ ಎಷ್ಟಿದೆ ನೋಡ್ಕೊಳ್ಳಿ. ವಿಡಿಯೋ ಫಾರ್ಮ್ಯಾಟ್‌ಗಳ ವಿಷಯ ಬಂದ್ರೆ ಎರಡೂ ವಿಪಿ9, ಎಚ್‌ಇವಿಸಿ ಎರಡನ್ನೂ ಹಾರ್ಡ್‌ವೇರ್‌ನಲ್ಲೇ ಬಿಡಿಸ್ತವೆ, ಎವಿ1 ಎರಡಕ್ಕೂ ಆಗಲ್ಲ.

ಅಷ್ಟೊತ್ತಿಗೆ ನನ್ನ ಮನಸಲ್ಲಿ ಲೆಕ್ಕ ಮುಗಿದಿತ್ತು, ಓದೋ ಹುಡುಗಿಗೆ ಚುರುಕಾಗಿರೋ ಪೆಂಟಿಯಂ, ಅಂಗಡಿಗೆ ಆಥ್ಲಾನ್. ಶನಿವಾರ ಅವಳು ಬಂದು ಪೆಂಟಿಯಂ ಮುಂದೆ ಕೂತು ಕಾಲೇಜಿನ ಪ್ರಾಜೆಕ್ಟಿಗೆ ಪೈಥಾನ್, ಮಷೀನ್ ಲರ್ನಿಂಗ್‌ಗೆ ಬೇಕಾಗೋ ಟೆನ್ಸರ್‌ಫ್ಲೋ ಎಲ್ಲ ಇನ್‌ಸ್ಟಾಲ್ ಮಾಡ್ಕೊಂಡ್ಳು. ನಾನು ಅಡುಗೆಮನೇಲಿ ಕಾಫಿಗೆ ಹಾಲಿಟ್ಟಿದ್ದೆ, ಅಲ್ಲಿಂದ್ಲೇ ಕೂಗಿದ್ಳು, "ಮಾಮ, ಏನೋ ಇಲ್ಲೀಗಲ್ ಅಂತ ಬರ್ತಿದೆ, ನಾನೇನೂ ಮಾಡಿಲ್ಲಪ್ಪ."

ಬಂದು ನೋಡಿದ್ರೆ ಟರ್ಮಿನಲ್‌ನಲ್ಲಿ ಒಂದೇ ಸಾಲು, "ಇಲ್ಲೀಗಲ್ ಇನ್‌ಸ್ಟ್ರಕ್ಷನ್, ಕೋರ್ ಡಂಪ್ಡ್". ಇಂಪೋರ್ಟ್ ಅಂತ ಬರೆದ ಮೊದಲನೇ ಸಾಲಲ್ಲೇ ಸತ್ತಿತ್ತು. ಅವಳ ತಪ್ಪೇನೂ ಇರ್ಲಿಲ್ಲ. ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟು, ಪ್ರೊಸೆಸರ್‌ಗೆ ಏನೇನು ಬರುತ್ತೆ ಅಂತ ತೋರಿಸೋ ಫ್ಲ್ಯಾಗ್ಸ್ ಸಾಲಲ್ಲಿ ಎವಿಎಕ್ಸ್ ಅಂತ ಹುಡುಕಿದೆ, ಇಲ್ಲ. ಎಸ್‌ಎಸ್‌ಇ 4.2 ಅನ್ನೋ ಅದಕ್ಕಿಂತ ಹಳೇ ಆಜ್ಞೆಗಳಿಗೇ ನಿಂತೋಗಿದೆ. ಎವಿಎಕ್ಸ್ ಅಂದ್ರೆ ಒಂದೇ ಆಜ್ಞೇಲಿ ಎಂಟು ಸಂಖ್ಯೆ ಒಟ್ಟಿಗೆ ಕೂಡೋ ಗುಣಿಸೋ ಶಕ್ತಿ, ಮಷೀನ್ ಲರ್ನಿಂಗ್‌ನಲ್ಲಿ ಅದೇ ಕೆಲಸ ಕೋಟಿಗಟ್ಟಲೆ ಸಲ ಆಗ್ಬೇಕು, ಹಾಗಾಗಿ ಟೆನ್ಸರ್‌ಫ್ಲೋದವರು 1.6ರಿಂದ ಆಚೆಗೆ ರೆಡಿಮೇಡ್ ಪ್ಯಾಕೇಜ್‌ಗಳನ್ನ ಎವಿಎಕ್ಸ್ ಇದ್ದೇ ಇರುತ್ತೆ ಅಂತ್ಲೇ ಕಟ್ತಾರೆ. ಆ ಕಾಲದ ಐ3ನಲ್ಲಿ ಇದು ಇತ್ತು, ಪೆಂಟಿಯಂನಲ್ಲಿ ಇರ್ಲಿಲ್ಲ. ಅರ್ಧ ರೇಟಿಗೆ ಐ3 ಅಂತ ಆಗ ಎಲ್ಲರೂ ಹೇಳ್ತಿದ್ದ ಮಾತಲ್ಲಿ ಬಿಟ್ಟುಹೋಗಿದ್ದು ಇದು, 2017ರಲ್ಲಿ ಅದು ಹೆಚ್ಚಿನವರಿಗೆ ಬೇಕಾಗಿರ್ಲಿಲ್ಲ. ಈಗ ಬೇಕು. ಮಾಂಗೊಡಿಬಿ ಅನ್ನೋ ಡೇಟಾಬೇಸ್ ಕೂಡ 5.0ರಿಂದ ಎವಿಎಕ್ಸ್ ಕೇಳುತ್ತೆ, ಮುಂದಿನ ಸೆಮಿಸ್ಟರ್‌ನಲ್ಲಿ ಅವಳಿಗೆ ಅದೂ ಇದೆಯಂತೆ.

ಡಿಸ್ಕ್ ಬಿಚ್ಚಿ ಹಾಗೇ ಆಥ್ಲಾನ್‌ಗೆ ಹಾಕಿದೆ. ಲಿನಕ್ಸ್ ಒಂದು ಮಾತೂ ಆಡದೆ ಬೂಟ್ ಆಯ್ತು, ಅದೇ ಫೈಲ್, ಅದೇ ಸಾಲು, ಎರಡು ಸೆಕೆಂಡ್ ಯೋಚನೆ ಮಾಡಿ ಓಡ್ತು. ಫ್ಲ್ಯಾಗ್ಸ್‌ನಲ್ಲಿ ಎವಿಎಕ್ಸ್, ಅದರ ಮುಂದಿನ ಎವಿಎಕ್ಸ್2 ಎರಡೂ ಇದೆ. ಪ್ರೊಸೆಸರ್ ಟೆಸ್ಟಲ್ಲೆಲ್ಲ ಹಿಂದಿದ್ದ ಚಿಪ್ಪು ಅವಳ ಕೆಲಸ ಮಾಡ್ತು, ಮುಂದಿದ್ದ ಚಿಪ್ಪಿಗೆ ಶುರು ಮಾಡೋಕೂ ಆಗ್ಲಿಲ್ಲ. ಇದು ನಂಗೆ ನಿಜವಾಗ್ಲೂ ಮನಸ್ಸಿಗೆ ತಟ್ಟಿತು, ಯಾಕಂದ್ರೆ ಹಳೇ ಪ್ರೊಸೆಸರ್ ತಗೊಂಡು ಓದೋ ಮಕ್ಕಳು ನಮ್ಮೂರಲ್ಲಿ ಎಷ್ಟೋ ಜನ ಇದಾರೆ, ಆ ಎರರ್ ನೋಡಿ ತಮಗೇ ಕೋಡಿಂಗ್ ಬರಲ್ಲ ಅನ್ಕೊಂಡು ಬಿಟ್ಬಿಡ್ತಾರೆ. ಹಳೇದು ಕೊಡಿಸೋರು ಅಂಗಡೀಲೇ ಮಾಡೆಲ್ ನಂಬರ್ ಹಾಕಿ ಎವಿಎಕ್ಸ್2 ಇದ್ಯಾ ಅಂತ ನೋಡಿ, ಆಮೇಲೆ ದುಡ್ಡು ಎಣಿಸಿ. ಇನ್ನೊಂದು, ಎಚ್110 ಬೋರ್ಡು ಇಂಟೆಲ್‌ನ ಏಳನೇ ತಲೆಮಾರಿಗೇ ಮುಗೀತು, ಎ320ಗೆ ಬೋರ್ಡ್ ಕಂಪನಿ ಹೊಸ ಬಯಾಸ್ (ಬೋರ್ಡ್ ಒಳಗಿನ ಸಾಫ್ಟ್‌ವೇರ್) ಕೊಟ್ಟಿದ್ರೆ ನಾಳೆ ಆರು ಕೋರಿನ ರೈಝೆನ್ ಹಾಕಬಹುದು.

ಪೆಂಟಿಯಂ ಈಗ ಅಣ್ಣನ ಅಂಗಡೀಲಿದೆ, ಪ್ರಿಂಟಿಗೆ ಬಂದ ಪಿಡಿಎಫ್ ಟಕ್ ಅಂತ ತೆರೆಯುತ್ತೆ, ಅದಕ್ಕೆ ಹೇಳಿ ಮಾಡ್ಸಿದ ಜಾಗ. ಟೈಪಿಂಗಿಗೆ ಮಿಂಟಲ್ಲೇ ಕಗಪ ಕೀಲಿಮಣೆ ಆನ್ ಮಾಡ್ಕೊಟ್ಟೆ, ನುಡಿಯಲ್ಲಿ ಪಳಗಿದ ಬೆರಳು ಹಾಗೇ ಓಡ್ತಿವೆ. ಬಾಡಿಗೆ ಕರಾರು, ಅರ್ಜಿ ನಮೂನೆ ಎಲ್ಲ ಹಳೇ ಆಸ್ಕಿ ಫಾಂಟಲ್ಲಿವೆ, ಲಿಬ್ರೆ ಆಫೀಸಲ್ಲಿ ತೆರೆದ್ರೆ ಅಕ್ಷರ ಎಲ್ಲ ಕಲಸುಮೇಲೋಗರ, ಒಂದೊಂದೇ ಯೂನಿಕೋಡ್‌ಗೆ ಪರಿವರ್ತನೆ ಮಾಡ್ತಿದೀನಿ. ನಿನ್ನೆವರೆಗೆ 34 ಫೈಲ್ ಆಗಿದೆ, ಒತ್ತಕ್ಷರ ತಪ್ಪಿದ್ದನ್ನ ಅತ್ತಿಗೆ ಕೂತು ತಿದ್ದುತಿದಾರೆ.