31ನೇ ಸೆಕೆಂಡಿನ ಕಾಟ

ಕೊನೆಗೂ ಸಿಕ್ಕಿತು! ಮೂರು ವಾರ ತಲೆ ತಿಂದ ಸಮಸ್ಯೆ ನಿನ್ನೆ ರಾತ್ರಿ ಬಗೆಹರಿಯಿತು.

ಪ್ರಯೋಗಕ್ಕೆಂದು ನಾನು ಕಟ್ಟಿರುವ ಅಣಕು ಫಲಿತಾಂಶದ ಪುಟ ಅದು. ರಿಜಿಸ್ಟರ್ ನಂಬರ್ ಕೊಟ್ಟರೆ ಅಂಕಗಳು ಬರಬೇಕು. ಎಸ್‌ಎಸ್‌ಎಲ್‌ಸಿಗೆ 8 ಲಕ್ಷಕ್ಕೂ ಜಾಸ್ತಿ ಮಕ್ಕಳು ಕೂರುತ್ತಾರೆ, ಹಾಗಾಗಿ 8 ಲಕ್ಷ ಸುಳ್ಳು ದಾಖಲೆ ತುಂಬಿದ್ದೇನೆ. ಫಲಿತಾಂಶದ ಬೆಳಿಗ್ಗೆ ಮನೆಮಂದಿಯೆಲ್ಲ ಒಂದು ಮೊಬೈಲ್ ಸುತ್ತ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಆಗ ಪುಟ ತೆರೆಯಲೇಬೇಕು ಅನ್ನೋದು ನನ್ನ ಹಟ.

ಒಂದು ಹಳೆ ಲ್ಯಾಪ್‌ಟಾಪಿನಲ್ಲಿ ಎಂಜಿನ್‌ಎಕ್ಸ್ (ಬಂದ ರಿಕ್ವೆಸ್ಟನ್ನು ಆ್ಯಪಿಗೆ ದಾಟಿಸುವ ಸರ್ವರ್), ಇನ್ನೊಂದರಲ್ಲಿ ಆ್ಯಪ್ ಮತ್ತು ದಾಖಲೆಗಳಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮೂರನೆಯದರಲ್ಲಿ ಪರೀಕ್ಷೆಗೆಂದು ಒತ್ತಡ ಹಾಕುವ ಕೆ6. ಇಷ್ಟು ವರ್ಚುವಲ್ ಯೂಸರ್‌ಗಳು (ನಕಲಿ ಬಳಕೆದಾರರು) ಅನ್ನೋ ಲೆಕ್ಕ ಬಿಟ್ಟು ಕಾನ್‌ಸ್ಟಂಟ್ ಅರೈವಲ್ ರೇಟ್ ಇಟ್ಟೆ, ಅಂದರೆ ಸೆಕೆಂಡಿಗೆ ಇಷ್ಟು ರಿಕ್ವೆಸ್ಟ್ ಬಂದೇ ಬರುತ್ತವೆ. ಸರ್ವರ್ ನಿಧಾನವಾದರೆ ಆ ಯೂಸರ್‌ಗಳೂ ಸುಮ್ನೆ ಕಾಯುತ್ತಾ ಕೂತು, ಒತ್ತಡ ತಾನಾಗಿಯೇ ಇಳಿದುಬಿಡುತ್ತದೆ. ಫಲಿತಾಂಶದ ದಿನ ಜನ ಹಾಗೆ ಕಾಯುವುದಿಲ್ಲ, ಅಲ್ವಾ?

ಸೆಕೆಂಡಿಗೆ 900 ರಿಕ್ವೆಸ್ಟ್ ಬಿಟ್ಟರೆ 30 ಸೆಕೆಂಡ್ ಎಲ್ಲ ಸಲೀಸು. 31ನೇ ಸೆಕೆಂಡಿಗೆ 502ಗಳ ಮಳೆ, ಅಂದರೆ ಎಂಜಿನ್‌ಎಕ್ಸ್‌ಗೆ ಆ್ಯಪಿನಿಂದ ಸರಿಯಾದ ಉತ್ತರ ಸಿಗಲಿಲ್ಲ ಅನ್ನುವ ದೋಷ. ಸಿಪಿಯು ಅರ್ಧವೂ ಬಳಕೆಯಾಗಿಲ್ಲ, ಮೆಮೊರಿ ಬೇಕಾದಷ್ಟು ಖಾಲಿ.

ಮೊದಲು ಅನುಮಾನ ಬಂದದ್ದು ಕೇಬಲ್ ಮೇಲೆ. ಗಿಗಾಬಿಟ್ (1000 ಎಂಬಿಪಿಎಸ್) ಓಡುವ ಕ್ಯಾಟ್ 6 ಅಂತ ದುಡ್ಡು ಕೊಟ್ಟು ತಂದದ್ದು, ಸಂಪರ್ಕದ ವೇಗ ತೋರಿಸುವ ಈಥ್‌ಟೂಲ್‌ನಲ್ಲಿ ನೋಡಿದರೆ 100 ಎಂಬಿಪಿಎಸ್! ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, ಇದರಲ್ಲಿ ಎರಡೇ ಕೆಲಸ ಮಾಡುತ್ತಿದ್ದವು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಎರಡು ಸಂಜೆ ಹಾಳು. ಹೊಸ ಕೇಬಲ್ ಹಾಕಿದ ಮೇಲೂ 31ನೇ ಸೆಕೆಂಡಿಗೆ ಅದೇ ಕತೆ.

ಆ್ಯಪನ್ನು ಎಂಜಿನ್‌ಎಕ್ಸ್ ಇದ್ದ ಲ್ಯಾಪ್‌ಟಾಪಿಗೇ ತಂದೆ. ತೊಂದರೆ ಮಾಯ! ಮತ್ತೆ ಬೇರೆ ಮಾಡಿದೆ, ಮತ್ತೆ ಹಾಜರ್.

ಬೇಜಾರಾಗಿ ವೇಗ ಬದಲಿಸುತ್ತಾ ಹೋದೆ. 600ಕ್ಕೆ ಇಳಿಸಿದರೆ 47ನೇ ಸೆಕೆಂಡಿಗೆ ಬೀಳುತ್ತದೆ. 450ಕ್ಕೆ ಬೀಳುವುದೇ ಇಲ್ಲ. ಹಾಳೆಯ ಮೇಲೆ ಗುಣಿಸಿದೆ. 900 ಸಲ 31 ಅಂದರೆ 27,900. 600 ಸಲ 47 ಅಂದರೆ 28,200. ಎರಡೂ ಹೆಚ್ಚುಕಮ್ಮಿ ಒಂದೇ! ಲಿನಕ್ಸ್ ಹೊರಹೋಗುವ ಸಂಪರ್ಕಗಳಿಗೆ ಒಂದೊಂದಾಗಿ ಕೊಡುವ ಪೋರ್ಟುಗಳು (ಸಂಪರ್ಕದ ಗುರುತಿನ ಸಂಖ್ಯೆಗಳು) 32768ರಿಂದ 60999ರವರೆಗೆ, ಅಂದರೆ 28,232. ಮೈ ಜುಮ್ಮೆಂದಿತು.

ಎಂಜಿನ್‌ಎಕ್ಸ್ ಪ್ರತಿ ರಿಕ್ವೆಸ್ಟಿಗೂ ಆ್ಯಪ್ ಕಡೆಗೆ ಹೊಸ ಸಂಪರ್ಕ ತೆರೆದು, ಉತ್ತರ ಬಂದ ಕೂಡಲೇ ಮುಚ್ಚುತ್ತಿತ್ತು. ಮುಚ್ಚಿದ ಪೋರ್ಟ್ 60 ಸೆಕೆಂಡ್ ಟೈಮ್-ವೇಟ್‌ನಲ್ಲಿ ಕೂರುತ್ತದೆ, ಅಲ್ಲಿವರೆಗೆ ಮತ್ತೆ ಬಳಸಲು ಸಿಗುವುದಿಲ್ಲ. 28,232 ಭಾಗಿಸು 60, ಸೆಕೆಂಡಿಗೆ 470. ಅದಕ್ಕೇ 450 ಬದುಕಿದ್ದು. ಒಂದೇ ಯಂತ್ರದಲ್ಲಿ ಬೀಳದಿದ್ದಕ್ಕೂ ಕಾರಣ ಇತ್ತು. ಈಗಿನ ಲಿನಕ್ಸ್ ಕರ್ನೆಲ್‌ಗಳಲ್ಲಿ ಟಿಸಿಪಿ-ಟಿಡಬ್ಲ್ಯೂ-ರೀಯೂಸ್ ಅನ್ನೋ ಸೆಟ್ಟಿಂಗ್ 2ರಲ್ಲಿರುತ್ತದೆ, ಲೂಪ್‌ಬ್ಯಾಕ್‌ಗೆ (ಯಂತ್ರ ತನ್ನೊಂದಿಗೇ ಮಾತಾಡುವ ಸಂಪರ್ಕಕ್ಕೆ) ಮಾತ್ರ ಆ ಪೋರ್ಟುಗಳನ್ನು ಬೇಗ ಮರುಬಳಕೆಗೆ ಬಿಡುತ್ತದೆ. ಎರರ್ ಲಾಗ್ ತೆರೆದರೆ ‘ಕ್ಯಾನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ (ಕೇಳಿದ ವಿಳಾಸ ಕೊಡಲಾಗದು), ನಂಬರ್ 99, ಸಾಲುಸಾಲಾಗಿ.

ಆ ರೀಯೂಸನ್ನು 1 ಮಾಡಿ, ಎಲ್ಲ ಸಂಪರ್ಕಗಳಿಗೂ ಮರುಬಳಕೆ ಬಿಟ್ಟೂ ದಾಟಬಹುದಿತ್ತು. ಆದರೆ ಪ್ರತಿ ಸಲ ಹೊಸ ಹ್ಯಾಂಡ್‌ಶೇಕ್ (ಸಂಪರ್ಕ ಶುರುಮಾಡುವ ಮಾತುಕತೆ) ದಂಡವೇ ತಾನೆ? ಬದಲಿಗೆ ತೆರೆದ ಸಂಪರ್ಕಗಳನ್ನೇ ಮತ್ತೆ ಬಳಸುವಂತೆ ಎಂಜಿನ್‌ಎಕ್ಸ್‌ಗೆ ಹೇಳಿದೆ: ಅಪ್‌ಸ್ಟ್ರೀಮ್‌ನಲ್ಲಿ (ಆ್ಯಪ್ ಕಡೆಗೆ) ಕೀಪ್‌ಅಲೈವ್ 32, ಪ್ರಾಕ್ಸಿ ಎಚ್‌ಟಿಟಿಪಿ ಆವೃತ್ತಿ 1.1, ಕನೆಕ್ಷನ್ ಹೆಡರ್ ಖಾಲಿ. ಮೂರು ಸಾಲು ಅಷ್ಟೇ. 900ರಲ್ಲಿ ಹತ್ತು ನಿಮಿಷ ಓಡಿತು, ಒಂದೂ 502 ಇಲ್ಲ. ಟೈಮ್-ವೇಟ್ ಎಣಿಕೆ ಸಾವಿರಗಳಿಂದ ಎರಡಂಕಿಗೆ ಇಳಿದದ್ದನ್ನು ನೋಡುತ್ತಾ ಸುಮ್ಮನೆ ಕೂತಿದ್ದೆ.

ಮುಂದೆ ನೆಟ್‌ವರ್ಕನ್ನು ಬೇಕೆಂದೇ ಕೆಡಿಸುವ ಟಿಸಿ ನೆಟೆಮ್ ಹಾಕಿ ನಮ್ಮೂರಿನ ಸಿಗ್ನಲ್ ತರಬೇಕು. 300 ಮಿಲಿಸೆಕೆಂಡ್ ತಡ, ನೂರಕ್ಕೆ ಎರಡು ಪ್ಯಾಕೆಟ್ ಮಾಯ. ನಿಧಾನದ ಮೊಬೈಲ್‌ಗಳು ಸಂಪರ್ಕವನ್ನು ಎಷ್ಟು ಹೊತ್ತು ಹಿಡಿದಿಡುತ್ತವೆ ಅಂತ ನೋಡುವ ಆಸೆ.

ಅದಕ್ಕೂ ಮೊದಲು ಇನ್ನೊಂದಿದೆ. 1,400ಕ್ಕೆ ಏರಿಸಿದ ಕೂಡಲೇ ಪೋಸ್ಟ್‌ಗ್ರೆಸ್ ‘ಟೂ ಮೆನಿ ಕ್ಲೈಂಟ್ಸ್’ ಅಂದಿತು. ಏಕಕಾಲದ ಸಂಪರ್ಕಗಳ ಡಿಫಾಲ್ಟ್ ಮಿತಿ 100 ಹಾಗೇ ಬಿಟ್ಟಿದ್ದೆ. ಶನಿವಾರ ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಕೂರಿಸುತ್ತೇನೆ.