ದಾಖಲೆಯಿಲ್ಲದವರಿಗೆ ಮತದಾರರ ಚೀಟಿ ಮಾಡಿಸುವ ಕೆಲಸ

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಮತದಾರರ ಗುರುತಿನ ಚೀಟಿಯ ನೆನಪಾಗುವುದು ಚುನಾವಣೆ ಘೋಷಣೆಯಾದ ಮೇಲೆ. ಆ ಹೊತ್ತಿಗೆ ದಾಖಲೆಯಿಲ್ಲದವರ ಪಾಲಿಗೆ ಕಾಲ ಮಿಂಚಿರುತ್ತದೆ, ಏಕೆಂದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಬಳಿಕ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾವ ಹೆಸರನ್ನೂ ಸೇರಿಸುವಂತಿಲ್ಲ ಎಂದು 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ಆಧಾರ್, ಅಂಕಪಟ್ಟಿ, ಕರೆಂಟ್ ಬಿಲ್ ಎಲ್ಲವೂ ಇರುವವರು ಮೊಬೈಲಿನಲ್ಲೇ ಹೊಸದಾಗಿ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ತುಂಬಿ ಮುಗಿಸುತ್ತಾರೆ. ಊರಾಚೆ ಟೆಂಟು ಹಾಕಿಕೊಂಡ ಅಲೆಮಾರಿ ಕುಟುಂಬಗಳು, ಗುಳೆ ಹೋಗಿ ಬರುವ ಕೂಲಿಕಾರರು, ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಯ ಆಸುಪಾಸಿನಲ್ಲೇ ಬದುಕು ಸವೆಸುವ ಜೋಗಪ್ಪಗಳು ಮತ್ತು ಒಂಟಿ ವೃದ್ಧೆಯರು, ಇವರ ಜೊತೆಗೆ ಯಾರಾದರೂ ತಿಂಗಳುಗಟ್ಟಲೆ ಮುಂಚೆಯೇ ನಿಲ್ಲಬೇಕಾಗುತ್ತದೆ.

ಇವರನ್ನು ಮೊದಲು ತಡೆಯುವುದು ವಿಳಾಸ. ಒಮ್ಮೆ ಒಬ್ಬ ಅಜ್ಜಿಯನ್ನು ಒಂದು ಕಚೇರಿಗೆ ಕರೆದೊಯ್ದಾಗ ಅಲ್ಲಿದ್ದವರು ಕರೆಂಟ್ ಬಿಲ್ ತರಲು ಹೇಳಿದರು. "ಬಿಲ್ ಬರಬೇಕಂದ್ರ ಮನಿ ಇರಬೇಕಲ್ಲಪ್ಪಾ" ಎಂದು ಅಜ್ಜಿ ಕೇಳಿದ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಉತ್ತರ ಚುನಾವಣಾ ಆಯೋಗದ ಸೂಚನೆಯಲ್ಲೇ ಇದೆ: ಮನೆಯಿಲ್ಲದವರು ಅರ್ಜಿಯಲ್ಲಿ ತಾವು ಮಲಗುವ ಜಾಗವನ್ನೇ ಬರೆಯಬಹುದು, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ರಾತ್ರಿ ಅಲ್ಲಿಗೆ ಹೋಗಿ, ಒಂದಕ್ಕಿಂತ ಹೆಚ್ಚು ರಾತ್ರಿ ಆ ವ್ಯಕ್ತಿ ಅಲ್ಲೇ ಮಲಗುವುದನ್ನು ಖಚಿತಪಡಿಸಿಕೊಂಡರೆ ವಾಸಕ್ಕೆ ಬೇರೆ ಕಾಗದದ ಪುರಾವೆ ಬೇಕಿಲ್ಲ. ಆದರೆ ನಮ್ಮ ಕಡೆ ಬಿಎಲ್‌ಒ ಎಂದರೆ ಅನೇಕ ಕಡೆ ಅಂಗನವಾಡಿ ಕಾರ್ಯಕರ್ತೆ ಇಲ್ಲವೇ ಶಾಲೆಯ ಮಾಸ್ತರರು. ಹಗಲಿಡೀ ದುಡಿದ ಹೆಣ್ಣುಮಗಳು ರಾತ್ರಿ ಒಬ್ಬಳೇ ಬಸ್ ನಿಲ್ದಾಣಕ್ಕೋ ಗುಡಿಯ ಪೌಳಿಗೋ ಹೋಗಿ ಪರಿಶೀಲಿಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಅವರ ಜೊತೆಗೆ ಊರಿನ ನಾಲ್ಕು ಜನ ಹೋದರೆ ಆ ನಿಯಮ ಜೀವ ಪಡೆಯುತ್ತದೆ, ಹೋಗದಿದ್ದರೆ ಅದು ಹಾಳೆಯಲ್ಲೇ ಉಳಿಯುತ್ತದೆ. ಸ್ವಯಂಸೇವಕರು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಉಪಯುಕ್ತವಾದುದನ್ನು ನಾನು ಕಂಡಿಲ್ಲ.

ನಮೂನೆಯಲ್ಲಿ ಸಂಬಂಧಿಕರ ಹೆಸರು ಕೇಳುವ ಜಾಗದಲ್ಲಿ ಅನೇಕರು ಬಾಯಿ ಕಟ್ಟಿದಂತೆ ಸುಮ್ಮನಾಗುತ್ತಾರೆ. 1982ರಲ್ಲೇ ನಮ್ಮ ರಾಜ್ಯ ದೇವದಾಸಿಯರನ್ನಾಗಿ ಬಿಡುವುದನ್ನು ಕಾನೂನಿನಿಂದ ನಿಷೇಧಿಸಿದ್ದರೂ, ಆ ತಾಯಂದಿರ ಮಕ್ಕಳು ಇಂದಿಗೂ ತಂದೆಯ ಹೆಸರಿನ ಪ್ರಶ್ನೆಗೆ ಹೆದರುತ್ತಾರೆ. ಅಲ್ಲಿ ತಾಯಿಯ ಹೆಸರನ್ನು ಬರೆದರೆ ಸಾಕು. ಅನಾಥರು ಕಾನೂನುಬದ್ಧ ಪೋಷಕರ ಹೆಸರನ್ನೂ, ತೃತೀಯ ಲಿಂಗಿಗಳು ತಮ್ಮ ಗುರುವಿನ ಹೆಸರನ್ನೂ ಬರೆಯಬಹುದು. ಇದನ್ನು ಗಟ್ಟಿಯಾಗಿ, ನಾಲ್ಕು ಜನರೆದುರು ಓದಿ ಹೇಳಬೇಕು. ಕೇಳಿಸಿಕೊಂಡವರ ಮುಖದಲ್ಲಿ ಬಿಗುವು ಸಡಿಲವಾಗುವುದನ್ನು ನಾನು ನೋಡಿದ್ದೇನೆ.

ಆಧಾರ್ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ಹಿಂದಿರುಗಿಸುವುದೂ ಸರಿಯಲ್ಲ. 1950ರ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯು ಸಕಾರಣದಿಂದ ಆಧಾರ್ ಸಂಖ್ಯೆ ಕೊಡಲಾಗದವರ ಅರ್ಜಿಯನ್ನು ನಿರಾಕರಿಸಬಾರದು ಎಂದು ಹೇಳಿದೆ. ಹಾಗೆಂದು ಆಧಾರ್ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ರೇಷನ್ನಿಗೂ ಪಿಂಚಣಿಗೂ ಅದು ಬೇಕಾಗುವುದರಿಂದ, ಮನೆಯಲ್ಲಿ ಒಬ್ಬರಿಗಾದರೂ ಆಧಾರ್ ಇದ್ದರೆ ಅವರನ್ನು ಕುಟುಂಬದ ಮುಖ್ಯಸ್ಥರೆಂದು ತೋರಿಸಿ ಉಳಿದವರಿಗೆ ಮಾಡಿಸುವ ದಾರಿಯನ್ನು ಜೊತೆಜೊತೆಗೇ ಹಿಡಿಯುತ್ತೇವೆ.

ಗುಳೆ ಹೋದವರ ಕಷ್ಟ ಬೇರೆಯದು. ಅವರ ಹೆಸರು ಒಮ್ಮೆ ಪಟ್ಟಿಗೆ ಸೇರಿದ್ದರೂ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಇನ್ನೆಲ್ಲಿಗೋ ಹೋಗಿ ಮನೆಗೆ ಬೀಗ ಬಿದ್ದಾಗ "ಸ್ಥಳಾಂತರ" ಎಂಬ ಷರಾದೊಂದಿಗೆ ಅಳಿಸಿಹೋಗುವ ಅಪಾಯವಿದೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಒಬ್ಬರು ಆ ಊರಿನ ಸಾಮಾನ್ಯ ನಿವಾಸಿಯಾಗಿರುವುದು ತಪ್ಪುವುದಿಲ್ಲ ಎಂದು 1950ರ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ, ಮತ್ತು ಈ ಕಾರಣಕ್ಕೆ ಹೆಸರು ತೆಗೆಯುವ ಮೊದಲು ಅವರ ಅಹವಾಲು ಕೇಳಬೇಕೆಂದು 22ನೇ ಸೆಕ್ಷನ್ ವಿಧಿಸುತ್ತದೆ. ತೆಗೆದುಹಾಕಿದರೆ ಅಥವಾ ಅರ್ಜಿ ತಿರಸ್ಕೃತವಾದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಿರಿ ಎಂದು ನಾವು ಹಟ ಹಿಡಿಯುವುದು ಇದಕ್ಕಾಗಿಯೇ.

ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದುಹೋದವರು ಗಾಬರಿಯಾಗಬೇಕಿಲ್ಲ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್, ಫೋಟೋ ಇರುವ ಪಿಂಚಣಿ ದಾಖಲೆ ಮುಂತಾದವುಗಳನ್ನು ಮತಗಟ್ಟೆಯಲ್ಲಿ ಒಪ್ಪಿಕೊಳ್ಳುತ್ತಾರೆ. ಹೆಸರೇ ಇಲ್ಲದಿದ್ದರೆ ಚೀಟಿ ಕೈಯಲ್ಲಿದ್ದರೂ ಮತ ಹಾಕಲಾಗದು, ಆದ್ದರಿಂದ ಪ್ರತಿ ವರ್ಷ ಕರಡು ಪಟ್ಟಿ ಪ್ರಕಟವಾದಾಗ ಟೆಂಟುಗಳಿಗೆ ಹೋಗಿ ಒಂದೊಂದೇ ಹೆಸರು ಓದಿ ನೋಡಬೇಕು.

ಈಗ 18 ತುಂಬಿದವರಿಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ಹೀಗೆ ವರ್ಷಕ್ಕೆ 4 ಅರ್ಹತಾ ದಿನಾಂಕಗಳಿವೆ. ಗುಳೆ ಹೋದವರಲ್ಲಿ ಕೆಲವರಾದರೂ ಗವಿಮಠದ ಜಾತ್ರೆಗೆ ಊರಿಗೆ ಬರುವುದರಿಂದ, ಆ ದಿನಗಳಲ್ಲಿ ಅವರ ಓಣಿಗಳಲ್ಲೇ ನಮೂನೆ ತುಂಬಿಸಲು ಕೂರಬೇಕೆಂದಿದ್ದೇವೆ. ಓದು ಬರಹ ಬಲ್ಲವರು, ಸಂಜೆಯ ಹೊತ್ತು ಬಿಡುವಿರುವವರು, ರಾತ್ರಿ ಬಿಎಲ್‌ಒ ಜೊತೆ ನಡೆಯಲು ಒಪ್ಪುವವರು ಬೇಕಾಗಿದ್ದಾರೆ.