ಮುಂದೆ ಮೈನಸ್ ಇದ್ದರೆ ಒಳಗಿನ ಚಿಹ್ನೆ ಯಾಕೆ ಬದಲಾಗುತ್ತೆ?

ಬೀಜಗಣಿತ ಹೇಳಿಕೊಡುವವರಿಗೆ ತಪ್ಪದ ಪ್ರಶ್ನೆ ಇದು: ಆವರಣದ ಮುಂದೆ ಮೈನಸ್ ಇದ್ದರೆ ಒಳಗಿನ ಚಿಹ್ನೆಗಳು ಯಾಕೆ ಬದಲಾಗುತ್ತವೆ? ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ.

ಯಾವ ಚಿಹ್ನೆಯೂ ತಾನಾಗಿ ಬದಲಾಗುವುದಿಲ್ಲ. ‘ಬದಲಾಗುತ್ತೆ’ ಎಂಬ ಮಾತೇ ಎಡವಟ್ಟಿನ ಮೂಲ. ಹಾಗೆ ಕಲಿತವರು ಎಲ್ಲಿ ಬದಲಿಸಬೇಕು, ಎಲ್ಲಿ ಬಿಡಬೇಕು ಎಂದು ನೆನಪಿನಲ್ಲಿ ತಡಕಾಡುತ್ತಾರೆ.

20 − (9 − 5) ನೋಡಿ. ಕಳೆಯಬೇಕಾದ್ದು 4. ನೀವು 9 ಕಳೆದರೆ 11 ಉಳಿಯಿತು, ಅಂದರೆ 5 ಹೆಚ್ಚಿಗೆ ಕಳೆದಿರಿ. ಅದನ್ನು ಮತ್ತೆ ಕೂಡಿಸಿದರೆ 16. ಪ್ಲಸ್ ಬಂದದ್ದು ಹೀಗೆ.

ಈಗ 7 − 2(ಕ − 5). ‘ಕ’ ಯಾವ ಸಂಖ್ಯೆಯಾದರೂ ಆಗಬಹುದು. ಮುಂದಿರುವ ಗುಣಕವನ್ನು −2 ಎಂದೇ ಓದಿ. ಅದು ಒಳಗಿನ ಎರಡೂ ಪದಗಳನ್ನು ಗುಣಿಸುತ್ತದೆ. ಹೀಗೆ ಗುಣಕವನ್ನು ಒಳಗಿನ ಪ್ರತಿ ಪದಕ್ಕೂ ಹಂಚುವುದೇ ವಿಭಾಜಕ ನಿಯಮ. −2 × ಕ = −2ಕ, −2 × −5 = +10. ಆದ್ದರಿಂದ 7 − 2ಕ + 10, ಅಂದರೆ 17 − 2ಕ. ಎರಡನೇ ಪದ ತಲುಪುವಷ್ಟರಲ್ಲಿ ಮೈನಸ್ ಮರೆತರೆ −3 − 2ಕ ಬರುತ್ತದೆ. 7ರಿಂದ 2 ಮೊದಲೇ ಕಳೆದವರು 5(ಕ − 5) ಬರೆಯುತ್ತಾರೆ. ಆ 2 ಆವರಣದ ಗುಣಕ, ಗುಣಾಕಾರ ಮುಗಿಯುವವರೆಗೆ 7 ಕಾಯಬೇಕು.

ಉತ್ತರ ತಾಳೆ ನೋಡಲು ‘ಕ’ ಜಾಗದಲ್ಲಿ ಒಂದು ಸಂಖ್ಯೆ ಹಾಕಿ ನೋಡುತ್ತಾರಲ್ಲ, ಒಂದೇ ಸಂಖ್ಯೆ ಸಾಲದು. ಕ = 6 ಹಾಕಿದರೆ 17 − 2ಕ ಬೆಲೆ 5, ತಪ್ಪಾದ 5(ಕ − 5) ಬೆಲೆಯೂ 5! ಕ = 0 ಹಾಕಿದಾಗ ಮೊದಲನೆಯದು 17, ಎರಡನೆಯದು −25. ಇಂಥ ಸರಳ ಬೀಜೋಕ್ತಿಗಳಿಗೆ ಎರಡು ಬೇರೆ ಬೆಲೆ ಹಾಕಿ ನೋಡಿದರೆ ಸಾಕು.

ಯಾರಾದರೂ ‘ಯಾವಾಗ ಹಂಚಬಾರದು?’ ಎಂದು ಕೇಳಲಿ ಎಂದು ನನಗೆ ಬಹಳ ಆಸೆ. ವಿಭಾಜಕ ನಿಯಮ ಹಂಚುವುದು ಕೂಡು, ಕಳೆಗಳ ಮೇಲೆ ಮಾತ್ರ. 3(2ಕ) ಎಂದರೆ 6ಕ. 3ನ್ನು ಒಳಗಿನ 2ಕ್ಕೂ ‘ಕ’ಗೂ ಬೇರೆ ಬೇರೆ ಕೊಟ್ಟು 18ಕ ಮಾಡಬಾರದು. (ಕ + 3)² ಕೂಡ ಕ² + 9 ಆಗುವುದಿಲ್ಲ. ಅದನ್ನು (ಕ + 3)(ಕ + 3) ಎಂದು ಬಿಡಿಸಿ ಬರೆದು, ಮೊದಲ ಆವರಣದ ಪ್ರತಿ ಪದದಿಂದ ಎರಡನೆಯದರ ಪ್ರತಿ ಪದವನ್ನೂ ಗುಣಿಸಿ: ಕ² + 3ಕ + 3ಕ + 9. ನಡುವಿನ ಎರಡು ಸೇರಿ 6ಕ ಆಗುವುದೂ ಇದೇ ನಿಯಮ ಹಿಂದುಮುಂದಾಗಿ ನಡೆದಾಗ: (3 + 3)ಕ. ಸಜಾತಿ ಪದಗಳನ್ನು, ಅಂದರೆ 3ಕ, 6ಕ ಹಾಗೆ ಅಕ್ಷರದ ಭಾಗ ಒಂದೇ ಇರುವ ಪದಗಳನ್ನು, ಮಾತ್ರ ಹೀಗೆ ಒಂದಾಗಿಸಲು ಬರುವುದು ಇದಕ್ಕೇ. 6ಕ + 9ರಲ್ಲಿ ‘ಕ’ ಹೊರತೆಗೆಯೋಣವೆಂದರೆ 9ರ ಹತ್ತಿರ ಅದು ಇಲ್ಲ.